ಕೊನೆಯ ಸಾಲಿನ ಕೊನೆಯ ಮುಖ

ಫ್ಲೆಕ್ಸುಗಳ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಬಾಬುರಾಯನಕೊಪ್ಪಲಿನ ನಮ್ಮ ಮನೆ ಬಿಟ್ಟು, ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿ, ಪಾಂಡವಪುರದ ಆಚೆಗಿರುವ ನಮ್ಮ ಕಾಲೇಜು ಮುಟ್ಟುವಷ್ಟರಲ್ಲಿ ನಾನು ನೋಡುವ ಮುಖಗಳಲ್ಲಿ ಅರ್ಧಕ್ಕರ್ಧ ಕಂಬಕ್ಕೆ ಕಟ್ಟಿದ ಮುಖಗಳು. ಹುಟ್ಟುಹಬ್ಬಕ್ಕೆ ಒಂದು, ಹುದ್ದೆ ಸಿಕ್ಕಿದ್ದಕ್ಕೆ ಒಂದು, ಹುದ್ದೆ ಸಿಗಲಿ ಎಂದು ಒಂದು. ಮೇಲೆ ದೊಡ್ಡವರ ದೊಡ್ಡ ಮುಖ, ನಡುವೆ ಕೈಮುಗಿದು ನಿಂತ ಆಸಾಮಿ, ಕೆಳಗೆ ವೃತ್ತಗಳೊಳಗೆ ಸಾಲಾಗಿ ಕೂತ ಶುಭ ಕೋರುವವರು. ಗಾಳಿ ಬೀಸಿದರೆ ಸಾಲಿಗೆ ಸಾಲೇ ಕೆನ್ನೆ ಉಬ್ಬಿಸಿಕೊಳ್ಳುತ್ತದೆ. ಕಿಟಕಿ ಪಕ್ಕ ಕೂತು ನಾನು ಒಬ್ಬಳೇ ಗೊಣಗುತ್ತಿರುತ್ತೇನೆ. ಆ ಬಸ್ಸಿನ ಕಂಡಕ್ಟರಿಗೂ ಇದು ಅಭ್ಯಾಸವಾಗಿದೆ. "ಇವತ್ತು ಯಾರ್ದು ಮೇಡಂ?" ಎಂದು ಕೇಳಿಯೇ ಟಿಕೆಟ್ ಕೊಡುತ್ತಾನೆ.

ಹೀಗೆ ಸಿಟ್ಟು ಮಾಡಿಕೊಂಡು ಮಾಡಿಕೊಂಡು ನಾನು ಇಷ್ಟು ವರ್ಷ ಪಾಠ ಹೇಳಿದ್ದೇನೆ. ಪಿಯು ಮಕ್ಕಳಿಗೆ ಕನ್ನಡ ನನ್ನ ಪಾಠ. ಗ್ರಂಥಾಲಯದ ಬೀಗದ ಕೈಯೂ ನನ್ನ ಬಳಿಯೇ, ಬೇರೆ ಯಾರಿಗೂ ಅದು ಬೇಡವಾಗಿತ್ತು ಎಂಬ ಕಾರಣಕ್ಕೆ. ಕೋಪ ಬಂದಾಗ ಬಳೆಗಳನ್ನು ಮೊಣಕೈವರೆಗೂ ಸರಿಸಿಕೊಳ್ಳುವ ಚಾಳಿ ನನಗಿದೆಯಂತೆ. ನನಗೆ ಗೊತ್ತಿರಲಿಲ್ಲ, ಮಕ್ಕಳು ಹೇಳಿದ್ದು. ನನ್ನ ಕೈ ಬಳೆಯ ಕಡೆಗೆ ಹೋದರೆ ಹಿಂದಿನ ಬೆಂಚಿನವರು ಕೂಡ ಪುಸ್ತಕ ತೆರೆಯುತ್ತಾರೆ.

ನಮ್ಮ ಪ್ರಿನ್ಸಿಪಾಲರು ಕೆ.ಆರ್. ಪೇಟೆ ಕಡೆಯಿಂದ ವರ್ಗವಾಗಿ ಬಂದವರು. ಕೆಟ್ಟವರಲ್ಲ, ಆದರೆ ಕಾರ್ಯಕ್ರಮದ ಹುಚ್ಚು ವಿಪರೀತ. ಕಾಲೇಜಿನಲ್ಲಿ ಒಂದು ಗಿಡ ನೆಟ್ಟರೂ ವೇದಿಕೆ ಬೇಕು, ವೇದಿಕೆಯ ಮೇಲೆ ಕುರ್ಚಿ ಬೇಕು, ಕುರ್ಚಿಯ ಮೇಲೆ ಗಣ್ಯರು ಬೇಕು. ಅವರಿಗೆ ಒಂದು ದಿನ ಇದ್ದಕ್ಕಿದ್ದಂತೆ ಹೊಳೆಯಿತು, ಗ್ರಂಥಾಲಯದ ಹೆಸರಿನಲ್ಲಿ ಏನೂ ಮಾಡಿಲ್ಲವಲ್ಲ ಎಂದು. ಪ್ರತಿಯೊಬ್ಬ ವಿದ್ಯಾರ್ಥಿಯೂ ಬೇರೆ ದೇಶದ ಒಂದು ಪುಸ್ತಕ ಓದಬೇಕು, ಓದಿದ್ದನ್ನು ಒಂದು ಚಾರ್ಟಿನ ಮೇಲೆ ಪೋಸ್ಟರ್ ಮಾಡಬೇಕು, ಆ ಪೋಸ್ಟರುಗಳ ಪ್ರದರ್ಶನ ಆಗಬೇಕು ಎಂದರು. ಇಷ್ಟು ಮಾತಿನಲ್ಲಿ ನನಗೆ ಕೇಳಿಸಿದ್ದು "ಓದಬೇಕು" ಎಂಬುದೊಂದೇ. ಸಂತೋಷದಿಂದ ಒಪ್ಪಿಕೊಂಡೆ.

ಪೋಸ್ಟರ್ ಎಂದರೆ ನಮ್ಮ ಮಕ್ಕಳು ಏನು ಮಾಡುತ್ತಾರೆ ಎಂಬುದು ನನಗೆ ಗೊತ್ತು. ಲೇಖಕನ ಫೋಟೊವನ್ನು ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿ ನಡುವೆ ಅಂಟಿಸುತ್ತಾರೆ, ಸುತ್ತ ಮಿಂಚಿನ ಪುಡಿ ಉದುರಿಸುತ್ತಾರೆ, ಪುಸ್ತಕದ ಬೆನ್ನಿನ ಮೇಲಿರುವುದನ್ನು ಮುತ್ತಿನಂಥ ಅಕ್ಷರದಲ್ಲಿ ಇಳಿಸುತ್ತಾರೆ. ಪುಸ್ತಕದ ಹೊಟ್ಟೆಯೊಳಗೆ ಏನಿದೆ ಎಂದು ಕೇಳಿದರೆ ನಗುತ್ತಾರೆ. ಹಾಗಾಗಿ ಮೊದಲೇ ಕಟ್ಟಪ್ಪಣೆ ಮಾಡಿದೆ. ಲೇಖಕನ ಫೋಟೊ ಇರಕೂಡದು, ಮಿಂಚು ಇರಕೂಡದು, ಬೆನ್ನಿನ ಮೇಲಿನ ಒಂದು ಸಾಲೂ ಇರಕೂಡದು. ಓದಿದವರಿಗೆ ಮಾತ್ರ ಗೊತ್ತಾಗುವ ಏನಾದರೊಂದು ಇರಬೇಕು.

ಆಗ ಚೀನಾದ ಒಂದು ಹಳೆಯ ಕಾದಂಬರಿಯನ್ನು ಎತ್ತಿಕೊಂಡವಳು ದ್ವಿತೀಯ ಪಿಯುಸಿಯ ಒಬ್ಬ ಹುಡುಗಿ. ಸಕ್ಕರೆ ಕಾರ್ಖಾನೆಯ ಕಡೆಯ ಒಂದು ಹಳ್ಳಿಯವಳು. ಬೆಳಗ್ಗೆ ಹಾಲು ಕರೆದು, ಡೇರಿಗೆ ಹಾಕಿ, ಕ್ಯಾನು ತೊಳೆದಿಟ್ಟು ಕಾಲೇಜಿಗೆ ಬರುವವಳು. ಮಾತು ಕಡಿಮೆ, ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಅವಳು ಕೂತು ಎದ್ದ ಡೆಸ್ಕಿನ ಮೇಲೆಲ್ಲ ಹಸುವಿನ ಮುಖ, ಹಸುವಿನ ಕಿವಿ, ಹಸುವಿನ ಬೆನ್ನು. ಬೈದರೆ ಅಳಿಸುತ್ತಿದ್ದಳು, ಮಾರನೆಯ ದಿನ ಇನ್ನೊಂದು ಹಸು ಹುಟ್ಟಿರುತ್ತಿತ್ತು.

ಆ ಪುಸ್ತಕ ಕನ್ನಡಕ್ಕೆ ಅನುವಾದವಾದದ್ದು. ನಾಗಮಂಗಲದ ನಿವೃತ್ತ ಮೇಷ್ಟರೊಬ್ಬರು ಕಟ್ಟು ಕಟ್ಟಿ ಕಳಿಸಿದ್ದ ಪುಸ್ತಕಗಳಲ್ಲಿ ಅದೂ ಒಂದು. ಅದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಸರು ಹೇಳಿದರೆ ಸಾಕು, ಓದದವರೂ "ಓಹೋ, ಅದಾ" ಎನ್ನುತ್ತಾರೆ, ನನಗೆ ಮತ್ತೆ ಸಿಟ್ಟು ಬರುತ್ತದೆ. ಒಂದು ದೊಡ್ಡ ಮನೆತನದ ಕಥೆ ಎಂದರೆ ಸಾಕು. ಮನೆಯೊಳಗೆ ಮನೆ, ಅಂಗಳದೊಳಗೆ ಅಂಗಳ. ಅಜ್ಜಿಯಿಂದ ಮರಿಮಕ್ಕಳವರೆಗೆ ಲೆಕ್ಕವಿಡಲಾಗದಷ್ಟು ನೆಂಟರಿಷ್ಟರು, ಅವರಿಗಿಂತ ಹೆಚ್ಚು ಆಳುಕಾಳು. ಮೊದಲ ಪುಟಗಳಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬ ಪಟ್ಟಿಯೇ ಇದೆ. ಅದನ್ನು ನೋಡಿಯೇ ಮಿಕ್ಕ ಮಕ್ಕಳು ಪುಸ್ತಕ ಕೆಳಗಿಟ್ಟಿದ್ದರು. ಇವಳು ಮಾತ್ರ ಅದನ್ನು ಕೈಯಲ್ಲಿ ತೂಗಿ ನೋಡಿ, "ದಪ್ಪಕೈತೆ, ರಜಾ ಗಂಟ ಬತ್ತದೆ" ಎಂದು ಚೀಲಕ್ಕೆ ಹಾಕಿಕೊಂಡಳು.

ಸುದ್ದಿ ಸ್ಟಾಫ್ ರೂಮಿಗೆ ಮುಟ್ಟಿತು. ಅರ್ಥಶಾಸ್ತ್ರದ ಲೆಕ್ಚರರ್ ಟೀ ಹೀರುತ್ತಾ, "ಏನ್ ಮೇಡಂ, ಚೈನಾ ಪೀಸಂತೆ? ಬಾಳಿಕೆ ಬತ್ತದಾ?" ಎಂದರು. ಎಲ್ಲರೂ ನಕ್ಕರು. ಪ್ರಿನ್ಸಿಪಾಲರು ಮುಖ ಗಂಭೀರ ಮಾಡಿಕೊಂಡು, "ಬೇರೆ ದೇಶ ಅಂದ್ರೆ ಚೀನಾನೇ ಆಗಬೇಕಿತ್ತಾ ಮೇಡಂ? ಕಾಲೇಜ್ ಸಮಿತಿಯವರು ಏನಾದ್ರೂ ಅಂದ್ಕೊಂಡ್ರೆ?" ಎಂದರು. ನನ್ನ ಕೈ ಬಳೆಗೆ ಹೋಯಿತು. "ಸಾರ್, ನೀವು ಈಗ ಜೇಬಿಗೆ ಹಾಕ್ಕೊಂಡ ಫೋನು ಎಲ್ಲಿಂದ ಬಂತು ಅಂತ ಒಂದ್ ಸಲ ಹಿಂದೆ ತಿರುಗಿಸಿ ನೋಡಿ. ಅದಕ್ಕೆ ಸಮಿತಿಯವರು ಏನಂದ್ರು?" ಎಂದು ಕೇಳಿದೆ. ಮಾತು ಅಲ್ಲಿಗೆ ನಿಂತಿತು, ಆದರೆ ಆ ನಗು ನನ್ನ ಎದೆಯಲ್ಲಿ ಉರಿಯುತ್ತಲೇ ಇತ್ತು. ಓದುವವಳನ್ನು ಕಂಡು ಓದದವರು ನಗುವುದಕ್ಕಿಂತ ಮೈ ಉರಿಸುವ ಸಂಗತಿ ಇನ್ನೊಂದು ನನಗೆ ಗೊತ್ತಿಲ್ಲ.

ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಆ ಹುಡುಗಿ ಗ್ರಂಥಾಲಯಕ್ಕೆ ಬಂದು ನನ್ನ ಮೇಜಿನ ಎದುರು ನಿಂತಳು. ಪುಸ್ತಕದೊಳಗೆ ಅಲ್ಲಲ್ಲಿ ಒಣಹುಲ್ಲಿನ ಕಡ್ಡಿ ಗುರುತಿಗೆ ಇಟ್ಟಿದ್ದಳು.

"ಮೇಡಂ, ಇದ್ರಲ್ಲಿ ಯಜಮಾನ್ರು ಅನ್ನುಸ್ಕೊಂಡೋರು ಯಾರೂ ಏನೂ ಮಾಡಕಿಲ್ಲ. ತಲೆ ಬಾಚೋರು ಬ್ಯಾರೆ, ಔಸ್ದಿ ಕಾಯ್ಸೋರು ಬ್ಯಾರೆ. ಯಾರ್ ಯಾವ್ ಮೂಲೇಲಿ ಅಳ್ತಾವ್ರೆ ಅಂತ ನೋಡ್ಕೊಳೋಕೂ ಕೆಲ್ಸದೋರೇ ಬೇಕು."

"ಹೌದಲ್ಲ," ಎಂದೆ. ನಾನು ಆ ಪುಸ್ತಕವನ್ನು ಓದಿದಾಗ ಅಜ್ಜಿಯ ಮೇಲೆ, ಮೊಮ್ಮಕ್ಕಳ ಮೇಲೆ ಕಣ್ಣಿಟ್ಟಿದ್ದೆ. ಕೆಲಸದವರು ಬಾಗಿಲಲ್ಲಿ ಬಂದು ಹೋಗುತ್ತಿದ್ದರು, ಅಷ್ಟೇ.

"ಕೆಲ್ಸದೋಳು ಒಬ್ಳು ಉಡ್ಗಿ ಅವ್ಳೆ ಮೇಡಂ. ಏನೂ ಮಾಡಿರಕಿಲ್ಲ. ಸುಮ್‌ಸುಮ್ನೆ ಅನುಮಾನ ಪಟ್ಟು ಕಳುಸ್‌ಬುಡ್ತಾರೆ." ಅವಳು ಸ್ವಲ್ಪ ಹೊತ್ತು ಕಡ್ಡಿಯನ್ನು ಬೆರಳಲ್ಲಿ ತಿರುಗಿಸಿದಳು. "ನಮ್ಮವ್ವುಂಗೂ ಇಂಗೇ ಆಯ್ತು."

ಅವಳ ಅವ್ವ ಪಾಂಡವಪುರದಲ್ಲಿ ಒಂದು ದೊಡ್ಡ ಮನೆಯಲ್ಲಿ ಬಹಳ ವರ್ಷ ಕೆಲಸಕ್ಕಿದ್ದರು. ಕಸ, ಮುಸುರೆ, ಬಟ್ಟೆ, ಹಬ್ಬ ಬಂದರೆ ಒಬ್ಬಟ್ಟಿಗೆ ಹೂರಣ ರುಬ್ಬುವುದು, ಎಲ್ಲ ಅವರದೇ. ಕೆಲವು ವರ್ಷಗಳ ಹಿಂದೆ ಒಂದು ದಿನ ಆ ಮನೆಯ ಯಜಮಾನಿಯ ಕಿವಿಯೋಲೆ ಕಾಣೆಯಾಯಿತು. ಹುಡುಕುವ ಮೊದಲೇ ಇವರನ್ನು ಹಜಾರದಲ್ಲಿ ನಿಲ್ಲಿಸಿ ಸೆರಗಿನ ಗಂಟು ಬಿಚ್ಚಿಸಿದರಂತೆ. ಯಜಮಾನರು ಸೋಫಾದಿಂದ ಏಳದೆಯೇ, "ನಾಳೆಯಿಂದ ಬರಬ್ಯಾಡ" ಎಂದರಂತೆ. ಆಮೇಲೆ ಓಲೆ ಸಿಕ್ಕಿತು, ವಾಷಿಂಗ್ ಮೆಷಿನ್ನಿನ ಜಾಲರಿಯಲ್ಲಿ. ಪಕ್ಕದ ಮನೆಯ ಕೆಲಸದವರ ಬಾಯಿಂದ ಇವರಿಗೆ ಅದು ಗೊತ್ತಾಯಿತು. ಆ ಮನೆಯವರು ತಪ್ಪಾಯಿತು ಎನ್ನಲಿಲ್ಲ. "ಬೇಕಾದ್ರೆ ಬರೋಕೇಳು" ಎಂದು ಹೇಳಿ ಕಳಿಸಿದರು. ಅವ್ವ ಹೋಗಲಿಲ್ಲ. ಆದರೆ ಊರಲ್ಲಿ ಕೆಲಸದಿಂದ ಕಳಿಸಿದ ಸುದ್ದಿ ಓಡಾಡಿದಷ್ಟು ಓಲೆ ಸಿಕ್ಕ ಸುದ್ದಿ ಓಡಾಡಲಿಲ್ಲ.

ಆ ಯಜಮಾನರು ಯಾರೆಂದು ಕೇಳಿದೆ. ಹುಡುಗಿ ಹೇಳಿದಳು. ನಮ್ಮ ಕಾಲೇಜಿನ ಅಭಿವೃದ್ಧಿ ಸಮಿತಿಯ ಉಪಾಧ್ಯಕ್ಷರು! ವರ್ಷಕ್ಕೆ ಒಂದೆರಡು ಸಲ ಬಿಳಿ ಬಟ್ಟೆಯಲ್ಲಿ ಬಂದು ಸಂಸ್ಕಾರದ ಮೇಲೆ ಭಾಷಣ ಮಾಡಿ, ಗೋಡಂಬಿ ತಿಂದು ಹೋಗುವವರು. ನಾನೇ ಅವರಿಗೆ ಹಾರದ ತಟ್ಟೆ ಹಿಡಿದಿದ್ದೇನೆ. ಅವತ್ತು ಬಸ್ಸಿನಲ್ಲಿ ಮನೆಗೆ ಹೋಗುವಾಗ ಒಂದು ಫ್ಲೆಕ್ಸಿನಲ್ಲಿ ಅವರ ಮುಖ ಕಂಡಿತು. ಅದೇ ಮೊದಲ ಸಲ ಗೊಣಗಲೂ ಬಾಯಿ ಬರಲಿಲ್ಲ.

ಪೋಸ್ಟರನ್ನು ಫ್ಲೆಕ್ಸಿನ ಹಾಗೆಯೇ ಬರೆಯುವ ಯೋಚನೆ ಹುಡುಗಿಯದು. ನಾನು ಮೊದಲು ಕಣ್ಣು ಬಿಟ್ಟೆ. ಫ್ಲೆಕ್ಸ್ ಎಂದರೆ ಉರಿದುಬೀಳುವ ನನ್ನ ಗ್ರಂಥಾಲಯದಲ್ಲಿ ಫ್ಲೆಕ್ಸೇ?

"ನಮ್ಮೂರೋರು ಪುಸ್ಕ ಓದಕಿಲ್ಲ ಮೇಡಂ, ಪ್ಲೆಕ್ಸ್ ಓದ್ತಾರೆ. ನಿಂತ್ಕಂಡು, ಕೆಳ್ಗಡೆ ರೌಂಡಲ್ಲಿರೋ ಎಲ್ರ್ ಮೊಕನೂ ನೋಡ್ತಾರೆ, ನಮ್ಮೋರು ಯಾರಾನ ಅವ್ರಾ ಅಂತ. ಅದ್ಕೇ ಆ ರೌಂಡಲ್ಲಿ ಕೆಲ್ಸದೋರ್ನ ಬರೀತೀನಿ."

ಇಂಥ ಮಾತಿಗೆ ನಾನೇನು ತಿದ್ದಲಿ? ಬರಿ ಎಂದೆ.

ಅವಳು ಗ್ರಂಥಾಲಯದ ನೆಲದ ಮೇಲೆಯೇ ಚಾರ್ಟು ಹರವಿಕೊಂಡು ಬರೆದಳು. ನನ್ನ ಸ್ಟೀಲ್ ಲೋಟವನ್ನು ಬೋರಲು ಹಾಕಿ ವೃತ್ತ ಎಳೆದಳು. ಫ್ಲೆಕ್ಸಿನಲ್ಲಿ ನಾಯಕರ ಮುಖ ಬರುವ ಜಾಗದಲ್ಲಿ ಮುಚ್ಚಿದ ಹೆಬ್ಬಾಗಿಲು. ಚೀನಾದ ಮನೆ ಹೇಗಿರುತ್ತದೆ ಎಂದು ಪುಸ್ತಕದಲ್ಲಿ ಚಿತ್ರವಿರಲಿಲ್ಲ, ಫೋನಿನಲ್ಲಿ ನೋಡು ಎಂದರೆ ಬೇಡವೆಂದಳು. ಓದಿದ್ದರಲ್ಲಿ ಅಂಗಳದ ಸುತ್ತ ಕೋಣೆ ಎಂದಿತ್ತು, ಹಾಗಾಗಿ ನಮ್ಮ ಕಡೆಯ ತೊಟ್ಟಿ ಮನೆಯನ್ನೇ ಬರೆದು ಹೆಂಚಿನ ಅಂಚುಗಳನ್ನು ಮಾತ್ರ ಮೇಲಕ್ಕೆ ಬಾಗಿಸಿದಳು. ನಡುವೆ ಯಜಮಾನರು, ಯಜಮಾನಿಯರು, ಎಲ್ಲರೂ ಬೆನ್ನು ಮಾಡಿ ಕೂತವರು. ಕೆಳಗೆ, ಶುಭ ಕೋರುವವರ ಸಾಲಿನಲ್ಲಿ, ಎದುರಿಗೆ ನೋಡುವ ಮುಖಗಳು. ಒಬ್ಬೊಬ್ಬರ ಕೆಳಗೂ ಅವರು ಮಾಡುತ್ತಿದ್ದ ಕೆಲಸ. ಕಷಾಯ ಕಾಯಿಸುವವಳು. ಸುಳ್ಳು ಹೇಳಿ ಸಣ್ಣ ಯಜಮಾನನನ್ನು ಏಟಿನಿಂದ ಉಳಿಸುವವಳು. ದೀಪ ಹಿಡಿದು ಮುಂದೆ ನಡೆಯುವವಳು. ಕೊನೆಯ ವೃತ್ತದಲ್ಲಿ ಕೆಲಸದಿಂದ ಕಳಿಸಲ್ಪಟ್ಟ ಹುಡುಗಿ. ಅವಳ ಮುಖಕ್ಕೆ ಮಾತ್ರ ಹುಡುಗಿಯ ವಯಸ್ಸಿರಲಿಲ್ಲ. ಅಗಲ ಹಣೆ, ಬಲಗೆನ್ನೆಯ ಮೇಲೆ ನರುಳಿ, ಮೂಗುಬೊಟ್ಟು, ಕಣ್ಣಲ್ಲಿ ನೀರು. ಕೆಳಗೆ "ಏನೂ ಮಾಡದವಳು" ಎಂದು ಬರೆದಿತ್ತು.

ಅವ್ವನೇ ಅದು ಎಂದು ಕೇಳುವ ಅಗತ್ಯವಿರಲಿಲ್ಲ. ಅವಳೇ ಹೇಳಿದಳು. ಪ್ರದರ್ಶನದ ದಿನ ಅವ್ವನನ್ನು ಕರೆತರುತ್ತಾಳಂತೆ. ಏನು ಬರೆದಿದ್ದೇನೆಂದು ಹೇಳಿಲ್ಲವಂತೆ. "ಕೊನೇ ಸಾಲಲ್ಲಿ ಕೊನೇ ರೌಂಡ್ ನೋಡವ್ವ, ನಿಂಗೇ ಬರ್ದಿರೋದು" ಎಂದಷ್ಟೇ ಹೇಳಿದ್ದಾಳಂತೆ. ಆ ಕಾಲೇಜಿಗೆ, ಆ ಉಪಾಧ್ಯಕ್ಷರು ಬಂದು ಕೂರುವ ಕಾಲೇಜಿಗೆ, ಅವ್ವ ತಲೆಯೆತ್ತಿಕೊಂಡು ಬಂದು ತನ್ನ ಮುಖ ನೋಡಿಕೊಳ್ಳಬೇಕು. ಹುಡುಗಿಗೆ ಬೇಕಾಗಿದ್ದದ್ದು ಅಷ್ಟೇ. ಬಹುಮಾನದ ಮಾತನ್ನು ಅವಳು ಒಮ್ಮೆಯೂ ಎತ್ತಲಿಲ್ಲ.

ಪ್ರಿನ್ಸಿಪಾಲರು ಒಂದು ದಿನ ಗ್ರಂಥಾಲಯಕ್ಕೆ ಬಂದವರು ಗೋಡೆಗೆ ಆನಿಸಿದ್ದ ಆ ಚಾರ್ಟಿನ ಮುಂದೆ ನಿಂತುಬಿಟ್ಟರು. ಚೀನಾ ಮರೆತೇ ಹೋಗಿತ್ತು. "ಅರೆರೆ, ಥೇಟ್ ಫ್ಲೆಕ್ಸಿನಂಗೇ ಐತಲ್ಲ ಮೇಡಂ! ಬಾಳ ಚೆನ್ನಾಗೈತೆ. ಇದನ್ನೇ ದೊಡ್ಡದಾಗಿ ಹೊಡೆಸಿ ಗೇಟಿಗೆ ಕಟ್ಸಾಣ" ಎಂದರು. ನನಗೆ ಸಂತೋಷವಾಯಿತು ಎಂದೇ ಬರೆಯಬೇಕು. ಹುಡುಗಿಯ ಮುಖ ನೋಡಬೇಕಿತ್ತು. ಅವ್ವನ ಮುಖ ಗೇಟಿನ ಮೇಲೆ, ಬಸ್ಸಿನವರಿಗೂ ಕಾಣುವ ಹಾಗೆ! ಚಾರ್ಟನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಪ್ರಿನ್ಸಿಪಾಲರೇ ಪೇಟೆಯ ಫ್ಲೆಕ್ಸ್ ಅಂಗಡಿಗೆ ಹೋದರು.

ಕಾರ್ಯಕ್ರಮದ ದಿನ ನನ್ನ ಬಸ್ಸು ತಡವಾಯಿತು. ಗೇಟಿನ ಬಳಿ ಇಳಿದು ತಲೆಯೆತ್ತಿದೆ.

ಮೊದಲು ಕಂಡದ್ದು ಒಂದು ಡ್ರ್ಯಾಗನ್. ಗೋಬಿ ಗಾಡಿಯ ಮೇಲೆ ಇರುತ್ತದಲ್ಲ, ಬಾಯಿಂದ ಬೆಂಕಿ ಕಾರುವಂಥದ್ದು, ಅದೇ. ಅದರ ಪಕ್ಕದಲ್ಲಿ ಬೆಟ್ಟದ ಮೇಲಿನ ಉದ್ದನೆಯ ಕೋಟೆ ಗೋಡೆ. ಮುಚ್ಚಿದ ಹೆಬ್ಬಾಗಿಲಿನ ಜಾಗದಲ್ಲಿ "ವಿಶ್ವ ಸಾಹಿತ್ಯ ಓದಿನ ಕಾರ್ಯಕ್ರಮಕ್ಕೆ ಆಗಮಿಸುತ್ತಿರುವ ಗಣ್ಯರಿಗೆ ಹಾರ್ದಿಕ ಸುಸ್ವಾಗತ." ತೊಟ್ಟಿ ಮನೆ ಡ್ರ್ಯಾಗನ್ನಿನ ಬಾಲದ ಕೆಳಗೆ ಕಾಗೆ ಗೂಡಿನಷ್ಟು ಚಿಕ್ಕದಾಗಿ ಉಳಿದಿತ್ತು. ಕಾದಂಬರಿಯ ಹೆಸರನ್ನು ನಾನು ಹುಡುಕಿಯೇ ನೋಡಬೇಕಾಯಿತು, ಫ್ಲೆಕ್ಸ್ ಅಂಗಡಿಯ ಫೋನ್ ನಂಬರು ಅದಕ್ಕಿಂತ ದಪ್ಪಗಿತ್ತು.

ಕೆಳಗಿನ ಸಾಲಿನಲ್ಲಿ ವೃತ್ತಗಳು ಹಾಗೆಯೇ ಇದ್ದವು. ಒಳಗಿನ ಮುಖಗಳು ಬೇರೆ. ಕಷಾಯ ಕಾಯಿಸುವವಳ ಜಾಗದಲ್ಲಿ ಸಮಿತಿಯ ಅಧ್ಯಕ್ಷರು. ದೀಪ ಹಿಡಿದವಳ ಜಾಗದಲ್ಲಿ ಪ್ರಿನ್ಸಿಪಾಲರೇ, ಕಪ್ಪು ಕನ್ನಡಕ ಹಾಕಿಕೊಂಡು. ಕೊನೆಯ ವೃತ್ತದಲ್ಲಿ, ಅಗಲ ಹಣೆಯ ಮೇಲೆ ಕುಂಕುಮವಿಟ್ಟುಕೊಂಡು ನಗುತ್ತಾ, ಉಪಾಧ್ಯಕ್ಷರು.

ಅದರ ಕೆಳಗೆ ಹುಡುಗಿ ನಿಂತಿದ್ದಳು. ಪಕ್ಕದಲ್ಲಿ ಅವಳ ಅವ್ವ. ಆಕೆಯನ್ನು ನಾನು ಅದೇ ಮೊದಲು ನೋಡಿದ್ದು, ಆದರೆ ನರುಳಿ, ಮೂಗುಬೊಟ್ಟು ಎಲ್ಲ ನನಗೆ ಪರಿಚಯದವೇ. ಒಳ್ಳೆಯ ಸೀರೆ ಉಟ್ಟುಕೊಂಡು, ತಲೆಗೆ ಹೂ ಮುಡಿದು ಬಂದಿದ್ದರು. ಮಗಳು ಹೇಳಿದ್ದ ಜಾಗವನ್ನು ಅವರು ನೋಡುತ್ತಿದ್ದರು. ಕೊನೇ ಸಾಲು, ಕೊನೇ ರೌಂಡು.

"ಯಾಕಮ್ಮಿ," ಎಂದರು ಬಹಳ ಮೆಲ್ಲಗೆ. "ನಂಗೆ ಅಂತ ಬರ್ದಿವ್ನಿ ಅಂದ್ಯಲ್ಲ. ಅವ್ರ್ ಮೊಕ ಯಾಕ್ ಬರ್ದೆ?"

ಹುಡುಗಿ ಇಲ್ಲ ಎನ್ನುವಂತೆ ತಲೆ ಆಡಿಸುತ್ತಿದ್ದಳು. ಅವ್ವ ಮಗಳ ಮುಖ ನೋಡಿ, ಮತ್ತೆ ಮೇಲೆ ನೋಡಿ, ಸೆರಗನ್ನು ಹೆಗಲ ಮೇಲೆ ಎಳೆದುಕೊಂಡರು. ವಾಪಸ್ಸು ಹೋಗಲು ಹೊರಟವರ ಹಾಗೆ ರಸ್ತೆಯ ಕಡೆ ತಿರುಗಿದರು.

ನನಗೆ ಪಿತ್ತ ನೆತ್ತಿಗೇರಿತು. "ನೀವು ಇಲ್ಲೇ ಇರಿ, ಇದು ನಿಮ್ಮ ಮಗಳು ಬರೆದದ್ದಲ್ಲ" ಎಂದು ಅವರಿಗೆ ಹೇಳಿ ಒಳಗೆ ನುಗ್ಗಿದೆ. ಪ್ರಿನ್ಸಿಪಾಲರು ವೇದಿಕೆಯ ಮೇಲೆ ಕುರ್ಚಿಗಳಿಗೆ ಟವೆಲ್ ಹಾಸಿಸುತ್ತಿದ್ದರು. ಯಾರ ಕುರ್ಚಿ ಯಾರ ಪಕ್ಕ ಎಂಬ ಚಿಂತೆಯಲ್ಲಿದ್ದರು.

"ಸಾರ್, ಹುಡುಗಿ ಬರೆದ ಮುಖಗಳೆಲ್ಲಿ?"

"ಯಾವ ಮುಖ ಮೇಡಂ? ಓ, ಆ ಗೊಂಬೆಗಳಾ? ಅದು ಅಂಗಡಿಯವರು ಅಡ್ಜಸ್ಟ್ ಮಾಡವ್ರೆ. ಸಮಿತಿಯವರ ಫೋಟೊ ಎಲ್ಲೋ ಒಂದ್ ಕಡೆ ಹಾಕ್ಬಿಡಿ ಅಂದಿದ್ದೆ. ಜಾಗ ರೆಡಿ ಇತ್ತಲ್ಲ."

"ಅದು ಗೊಂಬೆ ಅಲ್ಲ. ಅದು ಅವಳ ಓದು. ಆ ಕೊನೇ ಮುಖ ಅವಳ ತಾಯಿದು."

ಪ್ರಿನ್ಸಿಪಾಲರಿಗೆ ಅರ್ಥವಾಗಲಿಲ್ಲ. ಅರ್ಥವಾಗಿದ್ದರೆ ನನಗೆ ಇಷ್ಟು ಕೋಪ ಬರುತ್ತಿರಲಿಲ್ಲವೇನೋ. "ತಾಯಿ ಫೋಟೊ ಹಾಕೋಕೆ ಇದೇನು ಅವರ ಮನೆ ಫಂಕ್ಷನ್ನಾ ಮೇಡಂ? ಹುಡುಗಿಗೇನೂ ಮೋಸ ಆಗಿಲ್ಲ, ನೋಡಿ, ಕೆಳಗೆ ಮೂಲೆಯಲ್ಲಿ 'ವಿನ್ಯಾಸ: ವಿದ್ಯಾರ್ಥಿನಿ' ಅಂತ ಹಾಕಿಸಿದೀನಿ" ಎಂದರು. ನಿಜವಾಗಿಯೂ ಹೆಮ್ಮೆಯಿಂದಲೇ ಹೇಳಿದರು. ಆ ಉಪಾಧ್ಯಕ್ಷರ ಮುಖ ಈ ಹುಡುಗಿಯೇ ಬರೆದದ್ದು ಎಂದು ಇಡೀ ಊರಿಗೆ ಸಾರುವ ಎರಡು ಪದ ಅವು, ಅದನ್ನು ಇವರು ಉಪಕಾರವೆಂದು ಎಣಿಸಿದ್ದರು. ಓಲೆಯ ಕಥೆಯನ್ನು ಅಲ್ಲಿಯೇ ಕಿರುಚಿ ಹೇಳಬೇಕೆನಿಸಿತು. ಹೇಳಲು ಅದು ನನ್ನ ಕಥೆಯಲ್ಲ. ತಡೆದುಕೊಂಡೆ.

ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಉಪಾಧ್ಯಕ್ಷರು ಇಳಿದು ಗೇಟಿನ ಕೆಳಗೆ ನಿಂತು ತಮ್ಮ ಮುಖವನ್ನು ತಾವೇ ನೋಡಿಕೊಂಡು, "ಪರವಾಗಿಲ್ವೇ, ಚೆನ್ನಾಗೇ ಬಂದೈತೆ" ಎಂದರಂತೆ. ಹುಡುಗಿಯ ಅವ್ವ ಅವರ ಪಕ್ಕದಲ್ಲಿಯೇ ನಿಂತಿದ್ದರು. ಉಪಾಧ್ಯಕ್ಷರು ಇವರನ್ನು ದಾಟಿ ನಡೆದು ಬಂದರು. ಗುರುತು ಹಿಡಿಯಲಿಲ್ಲವೋ, ಹಿಡಿಯದವರಂತೆ ನಟಿಸಿದರೋ, ನನಗೆ ಎರಡೂ ಒಂದೇ. ತಮ್ಮ ಮನೆಯ ಮುಸುರೆ ತಿಕ್ಕಿದ ಕೈಯನ್ನು ಅಷ್ಟು ವರ್ಷ ನೋಡಿಯೂ ಆ ಕೈಯ ಮೇಲಿನ ಮುಖ ನೆನಪಿನಲ್ಲಿ ಉಳಿಯುವುದಿಲ್ಲವೆಂದರೆ ಅದೆಂಥ ಕಣ್ಣು!

ಅವತ್ತಿನ ವಂದನಾರ್ಪಣೆ ನನ್ನ ಪಾಲಿಗಿತ್ತು. ಬರೆದುಕೊಂಡು ಬಂದಿದ್ದೆ. ಮೊದಲನೆಯ ಸಾಲೇ ಸಮಿತಿಯ ಪದಾಧಿಕಾರಿಗಳಿಗೆ. ಆ ಚೀಟಿಯನ್ನು ಪ್ರಿನ್ಸಿಪಾಲರ ಕೈಗೆ ಕೊಟ್ಟೆ. "ನೀವೇ ವಂದಿಸಿ ಸಾರ್, ನನಗೆ ಕೆಲಸ ಇದೆ" ಎಂದು ಹೊರಗೆ ಬಂದು, ಅವ್ವ ಮಗಳಿಬ್ಬರನ್ನೂ ಆಟೋಗೆ ಹತ್ತಿಸಿಕೊಂಡೆ. ಹಿಂದಿನಿಂದ ಮೈಕಿನಲ್ಲಿ ಪ್ರಾರ್ಥನೆ ಶುರುವಾಗಿತ್ತು.

ಆಟೋದಲ್ಲಿ ಹುಡುಗಿಗೆ ಮಾತು ಬಂತು. ತಾನು ಬರೆದದ್ದು ಯಾರನ್ನು, ಎಲ್ಲಿ, ಯಾಕೆ ಎಂದು ಅಳುತ್ತಾ ಹೇಳಿದಳು. ಪುಸ್ತಕದ ಹುಡುಗಿಯ ಕಥೆ ಬಂದಾಗ ಅವ್ವ, "ಆ ದೇಸ್ದಲ್ಲೂ ಅಂಗೇನಾ?" ಎಂದು ನನ್ನನ್ನು ಕೇಳಿದರು. ಅಲ್ಲೂ ಹಾಗೇ ಎಂದೆ.

ಫ್ಲೆಕ್ಸ್ ಅಂಗಡಿಯ ಸಾಹೇಬರು ಕಂಪ್ಯೂಟರಿನ ಮುಂದೆ ಯಾರದೋ ಗೃಹಪ್ರವೇಶದ ಫ್ಲೆಕ್ಸ್ ಜೋಡಿಸುತ್ತಿದ್ದರು. ನಾನು ಬಳೆ ಏರಿಸಿಕೊಂಡೇ ಒಳಗೆ ಹೋದೆ. ವಿಷಯ ಕೇಳಿದ ಮೇಲೆ ಪಾಪ, ಆತ ಎದ್ದು ನಿಂತುಬಿಟ್ಟರು.

"ಅರೆ ಮೇಡಂ, ನಮ್ತಾವ ಎಲ್ರೂ ಇಂಗೇ ಪೇಪರ್ ಮೇಲೆ ಬರ್ಕೊಂಡ್ ಬರ್ತಾರೆ. ರೌಂಡ್ ಹಾಕಿ ಒಳಗೆ ಮೂಗು ಬಾಯಿ ಬರೀತಾರೆ, ಇಲ್ಲಿ ಫೋಟೊ ಅಂತ. ಪ್ರಿನ್ಸಿಪಾಲ್ ಸಾಹೇಬ್ರು ಫೋಟೊ ಕಳ್ಸಿದ್ರು, ರೌಂಡ್ ಲೆಕ್ಕ ಸರಿಯಾಯ್ತು, ಹಾಕ್ದೆ. ಖುದಾ ಕಸಮ್, ಅದೇ ಚಿತ್ರ ಅಂತ ನಂಗೆ ಗೊತ್ತಿರ್ಲಿಲ್ಲ."

ನಾನು ಬೈಯಲು ತಂದಿದ್ದ ಮಾತುಗಳೆಲ್ಲ ಬಾಯಲ್ಲೇ ಉಳಿದವು. ಊರಿಗೆ ಊರೇ ಕೆಳಗಿನ ಸಾಲಿನ ವೃತ್ತವೆಂದರೆ ಸಮಿತಿಯವರಿಗೆ ಕಾದಿರಿಸಿದ ಜಾಗ ಎಂದು ನಂಬಿರುವಾಗ ಈತನೊಬ್ಬನನ್ನು ಏನೆಂದು ಬೈಯುವುದು? ಅಲ್ಲಿ ಆಳುಗಳ ಮುಖ ಇರಬಹುದು ಎಂದು ಯಾರಿಗೆ ತಾನೇ ಹೊಳೆಯುತ್ತದೆ? ಅದು ನೆನೆದಾಗ ನನಗೆ ಇನ್ನೂ ಹೆಚ್ಚು ಸಿಟ್ಟು ಬಂತು, ಬೈಯಲು ಎದುರಿಗೆ ಯಾರೂ ಸಿಗದ ಸಿಟ್ಟು.

ಸಾಹೇಬರು ಮೇಜಿನ ಕೆಳಗಿನ ತುಂಡು ಬಟ್ಟೆ, ಕಡ್ಡಿಗಳ ರಾಶಿಯನ್ನು ಸರಿಸಿ ಚಾರ್ಟನ್ನು ಹುಡುಕಿ ತೆಗೆದರು. ಮೇಜಿನ ಮೇಲೆ ಬಿಡಿಸಿ ನಾಲ್ಕು ಮೂಲೆಗೂ ಏನೇನೋ ಭಾರ ಇಟ್ಟರು. ಹರಿದಿರಲಿಲ್ಲ. ಆದರೆ ಯಾರ ಫೋಟೊ ಎಲ್ಲಿ ಎಂದು ಗುರುತಿಗೆ ಪ್ರತಿ ಮುಖದ ಮೇಲೂ ಬಾಲ್‌ಪೆನ್ನಿನಲ್ಲಿ ಬರೆದಿತ್ತು. ಕಷಾಯದವಳ ಮೇಲೆ "ಅಧ್ಯಕ್ಷರು". ದೀಪದವಳ ಮೇಲೆ "ಪ್ರಿನ್ಸಿ". ಕೊನೆಯ ಮುಖದ ಹಣೆಯಿಂದ ಕೆನ್ನೆಯವರೆಗೆ, ಕಣ್ಣೀರಿನ ಮೇಲೆ ಹಾದು, "ಉಪಾಧ್ಯಕ್ಷರು". ನಾನು ನೋಡಲಾರದೆ ಆಚೆ ತಿರುಗಿದೆ. ಸಾಹೇಬರು ನಾಚಿಕೊಂಡು, "ಹೊಸಾದು ಹೊಡ್ದು ಕೊಡ್ತೀನಿ ಮೇಡಂ. ಇವತ್ತೇ. ಆ ಗೇಟ್‌ದು ಇಳ್ಸಿ ಇದನ್ನೇ ಕಟ್ಟೋಣ" ಎಂದರು.

ಅವ್ವ ಮೇಜಿನ ಮೇಲೆ ಬಾಗಿ ಆ ಮುಖವನ್ನು ಬಹಳ ಹೊತ್ತು ನೋಡಿದರು. ಪೆನ್ನಿನ ಗೀಟಿನ ಮೇಲೆ ಬೆರಳಾಡಿಸಲಿಲ್ಲ, ಅದು ಅವರಿಗೆ ಕಂಡೇ ಇಲ್ಲವೇನೋ ಎಂಬಂತೆ ಬಿಟ್ಟುಬಿಟ್ಟರು. ಅವರು ನೋಡುತ್ತಿದ್ದದ್ದು ಬೇರೆ.

"ಇದೇನಮ್ಮಿ, ಅಳ್ತಾ ಇದ್ದಂಗೆ ಬರ್ದಿದ್ದೀಯ?"

ಹುಡುಗಿ ಗಾಬರಿಯಾದಳು. "ಅವತ್ತು ನೀನು..."

"ನಾನೆಲ್ಲಿ ಅತ್ತೆ? ಸೆರ್ಗು ಬಿಚ್ಚು ಅಂದ್ರು, ಬಿಚ್ದೆ. ಒದ್ರಿ ತೋರುಸ್ದೆ. ಬರಬ್ಯಾಡ ಅಂದ್ರು, ಬಂದೆ. ಒಂದ್ ತೊಟ್ಟು ನೀರ್ ಆಕ್ಲಿಲ್ಲ ಅವ್ರ್ ಮುಂದೆ. ಗೇಟ್‌ಗೆ ಕಟ್ಟದಾದ್ರೆ ಕಟ್ಲಿ, ಊರೋರೆಲ್ಲ ನೋಡ್ಲಿ. ಆದ್ರೆ ಈ ಅಳೋ ಮೊಕ ಬ್ಯಾಡ. ಆ ಮನೆಯೋರು ದಿನಾ ಅದ್ರ್ ಕೆಳ್ಗೆ ಓಡಾಡ್ತಾರೆ. ನಾನ್ ಅತ್ತೆ ಅನ್ಕತ್ತಾರೆ."

ನನ್ನ ಕೋಪವೆಂದರೆ ಬಳೆ ಏರಿಸುವ ಕೋಪ, ಮೂರು ಮಾತಾಡಿದರೆ ಇಳಿದುಹೋಗುತ್ತದೆ. ಈಕೆ ಅದನ್ನು ಅಷ್ಟು ವರ್ಷ ಮುಖದಲ್ಲಿ ಒಂದು ಗೆರೆಯೂ ಕದಲದಂತೆ ಇಟ್ಟುಕೊಂಡಿದ್ದರು. ಮಗಳಿಗೂ ಅದು ಕಂಡಿರಲಿಲ್ಲ, ದುಃಖವೆಂದುಕೊಂಡಿದ್ದಳು.

ಅವ್ವ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ತಾವೇ ಎಳೆದುಕೊಂಡರು. ತಲೆಯ ಹೂವನ್ನು ಸರಿಮಾಡಿಕೊಂಡು, ಸೆರಗನ್ನು ಎರಡೂ ಹೆಗಲ ಮೇಲೆ ಹೊದ್ದು, ಬೆನ್ನು ನೆಟ್ಟಗೆ ಮಾಡಿ ಕೂತರು. ರಸ್ತೆಗೆ ತೆರೆದ ಬಾಗಿಲಿನ ಕಡೆ ಮುಖ ಮಾಡಿದರು. ಆ ಮುಖವನ್ನು ನೋಡಿದ ಸಾಹೇಬರು ಒಂದು ಬಿಳಿ ಹಾಳೆ, ಕಪ್ಪು ಸ್ಕೆಚ್ ಪೆನ್ನು ತಂದು ಹುಡುಗಿಯ ಮುಂದಿಟ್ಟರು. ಹುಡುಗಿ ಬರೆಯುವ ಮೊದಲು ನನ್ನ ಕಡೆ ನೋಡಿದಳು. ಲೋಟವೊಂದು ಬೇಕಿತ್ತು, ವೃತ್ತಕ್ಕೆ. ಮೇಜಿನ ಮೇಲಿದ್ದ ಟೀ ಲೋಟವನ್ನು ಬರಿದು ಮಾಡಿ ಒರೆಸಿ ಕೊಟ್ಟೆ.

"ಅವತ್ತು ಆ ಮನೆಯೋರ್ನ ಇಂಗೇ ನೋಡ್ಕಂಡು ಮೆಟ್ಲಿಳ್ದು ಬಂದೆ," ಎಂದರು ಅವ್ವ, ಬಾಗಿಲಿಂದ ಕಣ್ಣು ತೆಗೆಯದೆ. "ಇಂಗೇ ಬರಿ. ನಿದಾನ್ವಾಗ್ ಬರಿ, ನಾನ್ ಎಲ್ಲಿಗೂ ಓಗಕಿಲ್ಲ."